ಪೆಟ್ಟಿಗೆಯಲ್ಲಿ ಬರುವ ಕಾರು

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಹೆಸರಾಗಿರುವುದು ಅಲ್ಲಿನ ಅಣೆಕಟ್ಟೆಯ ಸೈಫನ್‌ಗಳಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಈ ಜಲಾಶಯದಲ್ಲಿ ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಯಾರೂ ಓಡಿ ಹೋಗಿ ಗೇಟು ಎತ್ತಬೇಕಾಗಿಲ್ಲ. ಹೆಚ್ಚಾದ ನೀರನ್ನು ಸೈಫನ್ ತಾನಾಗಿಯೇ ಹೊರಗೆ ಹಾಕುತ್ತದೆ. ಇದನ್ನು ರೂಪಿಸಿದವರು ಎಂಜಿನಿಯರ್ ಗಣೇಶ ಅಯ್ಯರ್. ಕಲ್ಪನೆ ಇಲ್ಲಿಯದು, ನಕ್ಷೆ ಇಲ್ಲಿಯದು, ಕಟ್ಟಿದ ಕೈಯೂ ಇಲ್ಲಿಯದೇ.

ಮಾರ್ಕೋನಹಳ್ಳಿಯ ಆಸುಪಾಸಿನಲ್ಲೇ, ಯಡಿಯೂರು ಮತ್ತು ಕುಣಿಗಲ್ ದಾಟಿ ಸಾಗುವ ರಾಷ್ಟ್ರೀಯ ಹೆದ್ದಾರಿ 75 ಬೆಂಗಳೂರನ್ನು ಹಾಯ್ದು ಪೂರ್ವಕ್ಕೆ ಹೊಸಕೋಟೆ, ಕೋಲಾರಗಳ ಕಡೆಗೆ ಹೋಗುತ್ತದೆ. ಅದೇ ದಾರಿಯಲ್ಲಿ ಹೊಸಕೋಟೆ ತಾಲ್ಲೂಕಿನ ತಾವರೆಕೆರೆಯ ಬಳಿ ವೋಲ್ವೋ ಕಾರ್ಖಾನೆಯಿದೆ. ಅಲ್ಲಿ 2017ರಿಂದ ಐಷಾರಾಮಿ ಕಾರುಗಳು ತಯಾರಾಗುತ್ತಿವೆ. ಆದರೆ ಅವುಗಳ ನಕ್ಷೆ ಇಲ್ಲಿಯದಲ್ಲ. ಕಾರಿನ ಬಹುಪಾಲು ಭಾಗಗಳು ಹಡಗಿನಲ್ಲಿ, ಪೆಟ್ಟಿಗೆಗಳಲ್ಲಿ ಬರುತ್ತವೆ. ಇಲ್ಲಿ ನಡೆಯುವುದು ಜೋಡಣೆ.

ಜೋಡಣೆ ಎಂದರೆ ಏನು? ಯಾರೋ ಮಾಡಿಕೊಟ್ಟ ತುಂಡುಗಳಿಗೆ ನಟ್ಟು ಬೋಲ್ಟು ಬಿಗಿಯುವುದಷ್ಟೆಯೋ, ಅಥವಾ ಅದೂ ಒಂದು ವಿದ್ಯೆಯೋ? ಅದರಿಂದ ಈ ನೆಲಕ್ಕೆ ಉಳಿಯುವುದೇನು? ಸುಂಕದ ಕಡತಗಳಿಂದ ಹಿಡಿದು ಸರ್ ಎಂ. ವಿಶ್ವೇಶ್ವರಯ್ಯನವರ ಒಂದು ಈಡೇರದ ಕನಸಿನವರೆಗೆ ಈ ಪ್ರಶ್ನೆ ಚಾಚಿಕೊಂಡಿದೆ.

ಸುಂಕವೇ ಕಟ್ಟಿದ ಕಾರ್ಖಾನೆ

ವರ್ಷಕ್ಕೆ ಕೆಲವೇ ಸಾವಿರ ಕಾರು ಮಾರುವ ಕಂಪನಿಯೊಂದು ತನ್ನ ದೇಶದಲ್ಲಿ ಪೂರ್ತಿ ಸಿದ್ಧವಾದ ಕಾರನ್ನೇ ಹಡಗಿಗೆ ಹತ್ತಿಸಿ ಕಳಿಸಬಹುದು. ಅದನ್ನು ಬಿಟ್ಟು, ತುಂಡು ತುಂಡಾಗಿ ಕಳಿಸಿ, ಸಾವಿರಾರು ಮೈಲಿ ದೂರದಲ್ಲಿ ಮತ್ತೆ ಜೋಡಿಸುವುದು ಏತಕ್ಕೆ? ಉತ್ತರ ಇರುವುದು ಕೇಂದ್ರ ಸರ್ಕಾರದ ಆಮದು ಸುಂಕದ ಪಟ್ಟಿಯಲ್ಲಿ.

ಹೊರಗಿನಿಂದ ಬರುವ ಕಾರನ್ನು ಆ ಪಟ್ಟಿ ಮೂರು ಬಗೆಯಾಗಿ ನೋಡುತ್ತದೆ. ಮೊದಲನೆಯದು ಪೂರ್ತಿ ಸಿದ್ಧವಾಗಿ ಬರುವ ಕಾರು. ವ್ಯಾಪಾರದ ಭಾಷೆಯಲ್ಲಿ ಇದು ಸಿಬಿಯು. ಎರಡನೆಯದು ಎಂಜಿನ್, ಗೇರ್‌ಬಾಕ್ಸ್ ಮೊದಲಾದವು ಒಳಗೆ ಜೋಡಣೆಯಾಗಿ, ಆದರೆ ಕಾರಿಗೆ ಕೂಡಿಸದೆ ಬಿಡಿಯಾಗಿ ಬರುವ ಕಟ್ಟು. ಮೂರನೆಯದು ಎಂಜಿನ್, ಗೇರ್‌ಬಾಕ್ಸ್‌ಗಳೂ ಬಿಚ್ಚಿದ ಸ್ಥಿತಿಯಲ್ಲೇ ಬರುವ ಕಟ್ಟು. ಬಿಡಿಭಾಗಗಳ ಕಟ್ಟಿಗೆ ಸಿಕೆಡಿ ಎಂಬ ಹೆಸರು ರೂಢಿಯಲ್ಲಿದೆ. ಯಾವುದನ್ನು ಹಾಗೆ ಕರೆಯಬೇಕು ಎಂಬ ವ್ಯಾಖ್ಯೆಯನ್ನು ಸರ್ಕಾರ ಬಿಗಿಗೊಳಿಸಿದ್ದು 2011ರ ಆಯವ್ಯಯದಲ್ಲಿ. ಅಲ್ಲಿಯವರೆಗೆ ಹೆಚ್ಚುಕಡಿಮೆ ಮುಗಿದ ಕಾರನ್ನೇ ನಾಲ್ಕು ತುಂಡು ಮಾಡಿ ತಂದು ಬಿಡಿಭಾಗ ಎನ್ನುವುದಕ್ಕೆ ಆಸ್ಪದವಿತ್ತು.

ಬಿಚ್ಚಿದ ಕಟ್ಟಿನ ಮೇಲಿನ ಮೂಲ ಸುಂಕ 2018ರಲ್ಲಿ ಶೇ. 10ರಿಂದ 15ಕ್ಕೆ ಏರಿತು. ಅರೆ ಜೋಡಣೆಯಾದ ಕಟ್ಟಿನ ಸುಂಕ 2023ರಲ್ಲಿ ಶೇ. 30ರಿಂದ 35ಕ್ಕೆ ಏರಿತು. ಅದೇ 2023ರಲ್ಲಿ 40,000 ಡಾಲರಿಗಿಂತ ಬೆಲೆಬಾಳುವ ಸಿದ್ಧ ಕಾರಿನ ಸುಂಕ ಶೇ. 100 ಇತ್ತು. 2025ರ ಆಯವ್ಯಯ ಆ ಮೂಲ ಸುಂಕವನ್ನು ಶೇ. 70ಕ್ಕೆ ಇಳಿಸಿದರೂ ಅದರ ಜೊತೆಗೆ ಸೆಸ್ ಸೇರಿಸಿದ್ದರಿಂದ ಒಟ್ಟು ಭಾರ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯಿತು.

2023ರ ದರಗಳನ್ನೇ ಇಟ್ಟುಕೊಂಡು ಒಂದು ಸರಳ ಲೆಕ್ಕ ಹಾಕಬಹುದು. ಬಂದರಿನಲ್ಲಿ 50 ಲಕ್ಷ ರೂಪಾಯಿ ಬೆಲೆಯ ಸಿದ್ಧ ಕಾರಿಗೆ ಮೂಲ ಸುಂಕವೇ ಇನ್ನೊಂದು 50 ಲಕ್ಷ. ಅಷ್ಟೇ ಬೆಲೆಯ ಅರೆ ಜೋಡಣೆಯಾದ ಕಟ್ಟಿಗೆ 17.5 ಲಕ್ಷ. ಪೂರ್ತಿ ಬಿಚ್ಚಿದ ಕಟ್ಟಿಗೆ 7.5 ಲಕ್ಷ. ಈ ಅಂತರದಲ್ಲಿಯೇ ಒಂದು ಕಟ್ಟಡ, ಒಂದಷ್ಟು ಯಂತ್ರ ಮತ್ತು ಕೆಲವು ನೂರು ಜನರ ಸಂಬಳ ಹುಟ್ಟುತ್ತದೆ. ಪುಣೆಯಲ್ಲಿ 1995ರಿಂದ ಮರ್ಸಿಡಿಸ್ ಬೆಂಝ್, ಚೆನ್ನೈ ಬಳಿ 2007ರಿಂದ ಬಿಎಂಡಬ್ಲ್ಯು, ಹೊಸಕೋಟೆಯಲ್ಲಿ ವೋಲ್ವೋ, ಬಿಡದಿಯಲ್ಲಿ 2020ರ ಜನವರಿಯಿಂದ ಟೊಯೊಟಾದ ಲೆಕ್ಸಸ್, ಎಲ್ಲರೂ ಈ ಲೆಕ್ಕವನ್ನು ಮಾಡಿಯೇ ಬಂದವರು. ಎಂಜಿನ್ ಇಲ್ಲೇ ಜೋಡಣೆಯಾದರೆ ಸುಂಕ ಇಳಿಯುವುದರಿಂದ ಅದಕ್ಕೂ ಬೇರೆ ಘಟಕ ಬೇಕಾಗುತ್ತದೆ. ಬಿಎಂಡಬ್ಲ್ಯು ಎಂಜಿನ್ ಜೋಡಿಸಲು ಫೋರ್ಸ್ ಮೋಟಾರ್ಸ್ ಕಂಪನಿ 2015ರಲ್ಲಿ ಚೆನ್ನೈ ಬಳಿ ಘಟಕ ತೆರೆಯಿತು. ಸುಂಕದ ಪಟ್ಟಿಯ ಒಂದು ಸಾಲು ಹೀಗೆ ಒಂದು ಕಾರ್ಖಾನೆಯ ಗೋಡೆಯನ್ನು ಎಬ್ಬಿಸಬಲ್ಲದು.

ಪೆಟ್ಟಿಗೆ ಬಿಚ್ಚುವುದೇ ಮೊದಲ ಕೆಲಸ

ಕಾರಿನ ಕಾರ್ಖಾನೆ ಎಂದೊಡನೆ ಕಿಡಿ ಹಾರಿಸುವ ಬೆಸುಗೆ ಯಂತ್ರಗಳ ಚಿತ್ರ ಕಣ್ಣಿಗೆ ಬರುತ್ತದೆ. ಸಣ್ಣ ಪ್ರಮಾಣದ ಜೋಡಣೆ ಕಾರ್ಖಾನೆಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಉಕ್ಕಿನ ಹಾಳೆಯನ್ನು ಒತ್ತಿ ರೂಪ ಕೊಡುವ ಭಾರಿ ಪ್ರೆಸ್ಸುಗಳು, ಬೆಸುಗೆಯ ರೋಬಾಟ್‌ಗಳು, ಧೂಳು ಸುಳಿಯದ ಬಣ್ಣದ ಕೋಣೆ ಇವೆಲ್ಲ ಕೋಟಿಗಟ್ಟಲೆ ಹಣ ಬೇಡುವಂಥವು. ದಿನಕ್ಕೆ ನೂರಾರು ಕಾರು ಹೊರಟರೆ ಮಾತ್ರ ಆ ಬಂಡವಾಳ ಗಿಟ್ಟುತ್ತದೆ. ಆದ್ದರಿಂದ ಬೆಸುಗೆಯಾಗಿ, ಬಣ್ಣ ಬಳಿದ ಕಾರಿನ ಮೈ, ಅಂದರೆ ಬಾಡಿ, ಮೂಲ ಕಾರ್ಖಾನೆಯಿಂದಲೇ ಬರುವುದು ವಾಡಿಕೆ. ವೋಲ್ವೋದ ಎಕ್ಸ್‌ಸಿ 90 ಮಾದರಿಗೆ ಆ ಮೂಲ ಕಾರ್ಖಾನೆ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಟೋರ್ಸ್‌ಲಾಂಡಾದಲ್ಲಿದೆ. ಹೊಸಕೋಟೆಯಲ್ಲಿ ಮೊದಲು ಜೋಡಣೆಯಾದದ್ದು ಅದೇ ಮಾದರಿ, 2017ರ ಅಕ್ಟೋಬರಿನಲ್ಲಿ.

ಕಂಟೇನರುಗಳು ಬಂದು ನಿಂತ ಮೇಲೆ ಮೊದಲು ನಡೆಯುವುದು ಬಿಚ್ಚುವ ಮತ್ತು ಎಣಿಸುವ ಕೆಲಸ. ನೋಡುವವರಿಗೆ ಇದು ಗೋದಾಮಿನ ಗುಮಾಸ್ತಗಿರಿಯಂತೆ ಕಾಣಬಹುದು. ಆದರೆ ಜೋಡಣೆ ಕಾರ್ಖಾನೆಯ ಪ್ರಾಣವೇ ಇದು. ಒಂದು ಕಾರಿಗೆ ಸಾವಿರಾರು ಭಾಗಗಳು. ಅದರಲ್ಲಿ ಒಂದು ರಬ್ಬರ್ ಪಟ್ಟಿ ಇಲ್ಲವಾದರೂ, ಬಂದ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆ ಕಾರು ಹೊರಬೀಳುವಂತಿಲ್ಲ. ಬದಲಿ ಭಾಗ ಪಕ್ಕದ ಊರಿನಲ್ಲಿ ಸಿಗುವುದಿಲ್ಲ. ಸಮುದ್ರ ದಾಟಿ ಬರಬೇಕು. ಹಾಗಾಗಿ ಪೆಟ್ಟಿಗೆ ಬಿಚ್ಚಿದ ಕೂಡಲೇ ಪ್ರತಿ ಭಾಗದ ಸಂಖ್ಯೆಯನ್ನು ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ, ಪೆಟ್ಟು ಬಿದ್ದದ್ದನ್ನು ಬೇರೆ ಇಡುತ್ತಾರೆ.

ಆಮೇಲೆ ಬರುವುದು ತಳ್ಳುಗಾಡಿಗಳ ಸರದಿ. ಒಂದು ಕಾರಿಗೆ ಒಂದು ನಿಲ್ದಾಣದಲ್ಲಿ ಬೇಕಾಗುವ ಭಾಗಗಳನ್ನಷ್ಟೇ ಒಂದು ಗಾಡಿಯಲ್ಲಿ, ಬಳಸುವ ಕ್ರಮದಲ್ಲೇ ಜೋಡಿಸಿಡುತ್ತಾರೆ. ಕೆಲಸಗಾರ ಕಪಾಟು ಹುಡುಕಬೇಕಾಗಿಲ್ಲ. ಕೊನೆಗೆ ಗಾಡಿಯಲ್ಲಿ ಏನಾದರೂ ಉಳಿದಿದ್ದರೆ ಯಾವುದೋ ಒಂದು ಭಾಗ ಮರೆತುಹೋಗಿದೆ ಎಂದು ಅದೇ ಹೇಳಿಕೊಡುತ್ತದೆ. ಒಂದು ಕಾರು ಬಿಳಿ, ಹಿಂದಿನದು ಕಪ್ಪು. ಒಂದಕ್ಕೆ ಕಂದು ಚರ್ಮದ ಆಸನ, ಇನ್ನೊಂದಕ್ಕೆ ಬೂದು ಬಣ್ಣದ್ದು. ಬೆಲೆಬಾಳುವ ಕಾರುಗಳಲ್ಲಿ ಇಂಥ ಆಯ್ಕೆಗಳು ಹೆಚ್ಚು. ಗೊಂದಲಕ್ಕೆ ಅವಕಾಶವೂ ಅಷ್ಟೇ ಹೆಚ್ಚು.

ಕೆತ್ತಿ ಕೂರಿಸುವಂತಿಲ್ಲ

ಹಳ್ಳಿಯ ಬಡಗಿ ಎತ್ತಿನ ಗಾಡಿ ಮಾಡುವಾಗ ಕೀಲು ಬಿಗಿಯಾಗಿ ಕೂರದಿದ್ದರೆ ಉಳಿ ಹಿಡಿದು ಕೆತ್ತುತ್ತಾನೆ, ಸಡಿಲವಾದರೆ ಬೆಣೆ ಹೊಡೆಯುತ್ತಾನೆ. ಆ ಗಾಡಿಯ ಕೀಲು ಆ ಗಾಡಿಗೇ ಸರಿ, ಇನ್ನೊಂದಕ್ಕೆ ಕೂರಲಾರದು. ಮೋಟಾರು ಕಾರ್ಖಾನೆಯ ಧರ್ಮ ಇದಕ್ಕೆ ತದ್ವಿರುದ್ಧ. ಯಾವ ಭಾಗವನ್ನು ತೆಗೆದುಕೊಂಡರೂ ಯಾವ ಕಾರಿಗಾದರೂ ಸರಿಯಾಗಿ ಕೂರಬೇಕು. ಕೆತ್ತುವ ಹಾಗಿಲ್ಲ, ಬೆಣೆ ಹೊಡೆಯುವ ಹಾಗಿಲ್ಲ. ಕೂರದಿದ್ದರೆ ಭಾಗವನ್ನೇ ತಿರಸ್ಕರಿಸಬೇಕು. ಜೋಡಣೆಗಾರನ ಕುಶಲತೆ ಇರುವುದು ಭಾಗವನ್ನು ತಿದ್ದುವುದರಲ್ಲಲ್ಲ. ನಿಗದಿಯಾದ ಕ್ರಮವನ್ನು ಪ್ರತಿ ಬಾರಿಯೂ ಒಂದೇ ರೀತಿ ಪಾಲಿಸುವುದರಲ್ಲಿ.

ಸಾಲಿನ ಆರಂಭದಲ್ಲಿ ಬಾಡಿಯ ಬಾಗಿಲುಗಳನ್ನು ಕಳಚಿ ಬೇರೆ ಸಾಲಿಗೆ ಕಳಿಸುವುದು ಅನೇಕ ಕಾರ್ಖಾನೆಗಳ ಪದ್ಧತಿ. ಒಳಗೆ ಕೆಲಸ ಮಾಡುವವರಿಗೆ ಜಾಗವಾಗುತ್ತದೆ, ಬಾಗಿಲಿನ ಬಣ್ಣಕ್ಕೂ ಗೀರು ಬೀಳುವುದಿಲ್ಲ. ನಂತರ ಕಾರಿನ ಮೈಯೊಳಗೆ ನರಮಂಡಲದಂತೆ ಹರಡುವ ವೈರಿಂಗ್ ಹಾರ್ನೆಸ್ ಕೂರುತ್ತದೆ. ಅದರ ಮೇಲೆ ಸದ್ದು ತಡೆಯುವ ಹಾಸು, ನೆಲಹಾಸು, ಚಾವಣಿಯ ಒಳಪದರ. ಡ್ಯಾಶ್‌ಬೋರ್ಡು ಬೇರೆಡೆ ಒಂದೇ ಘಟಕವಾಗಿ ಸಿದ್ಧವಾಗಿ, ಕೈಯಂಥ ಯಂತ್ರದ ನೆರವಿನಿಂದ ಒಳಗೆ ಬಂದು ನಿಲ್ಲುತ್ತದೆ. ಮುಂದಿನ ಗಾಜನ್ನು ಅಂಟಿನಿಂದ ಕೂರಿಸುತ್ತಾರೆ. ಕಾರು ಉರುಳಿದಾಗ ಚಾವಣಿಯನ್ನು ತಡೆದು ನಿಲ್ಲಿಸುವುದರಲ್ಲಿ ಆ ಅಂಟಿನ ಪಾಲೂ ಇದೆ. ಹಾಗಾಗಿ ಅದರ ದಪ್ಪ, ಒಣಗುವ ಹೊತ್ತು ಎಲ್ಲಕ್ಕೂ ಅಳತೆಯುಂಟು.

ಇನ್ನೊಂದು ಕಡೆ ಎಂಜಿನ್, ಗೇರ್‌ಬಾಕ್ಸ್, ಮುಂದಿನ ಮತ್ತು ಹಿಂದಿನ ಸಸ್ಪೆನ್ಷನ್‌ಗಳು ಒಂದು ಚೌಕಟ್ಟಿನ ಮೇಲೆ ಸಿದ್ಧವಾಗುತ್ತಿರುತ್ತವೆ. ಮೇಲಿನಿಂದ ಬಾಡಿ ಇಳಿದು, ಕೆಳಗಿನಿಂದ ಈ ಚೌಕಟ್ಟು ಏರಿ, ಎರಡೂ ಕೂಡುವ ನಿಲ್ದಾಣಕ್ಕೆ ಜಗತ್ತಿನ ಕಾರು ಕಾರ್ಖಾನೆಗಳಲ್ಲೆಲ್ಲ ಇರುವ ಹೆಸರು ಮದುವೆ. ಹೆಸರು ತಮಾಷೆಯದಾದರೂ ಕೆಲಸ ತಮಾಷೆಯದಲ್ಲ. ಕೆಲವು ಮಿಲಿಮೀಟರ್ ಆಚೀಚೆಯಾದರೆ ಪೈಪು ಜಜ್ಜಿಹೋಗಬಹುದು, ತಂತಿ ಸಿಕ್ಕಿಕೊಳ್ಳಬಹುದು.

ಇಲ್ಲಿ ಬೋಲ್ಟು ಬಿಗಿಯುವುದು ಗ್ಯಾರೇಜಿನ ಸ್ಪ್ಯಾನರ್ ಕೆಲಸದಂತಲ್ಲ. ಚಕ್ರ, ಬ್ರೇಕು, ಸ್ಟಿಯರಿಂಗ್, ಸೀಟುಬೆಲ್ಟು ಇವುಗಳ ಬೋಲ್ಟಿಗೆ ವಿದ್ಯುತ್ ಚಾಲಿತ ಉಪಕರಣಗಳನ್ನು ಬಳಸುತ್ತಾರೆ. ಎಷ್ಟು ಬಲದಿಂದ ತಿರುಗಿಸಬೇಕು ಎಂಬುದು ಮೊದಲೇ ಅದರಲ್ಲಿ ದಾಖಲಾಗಿರುತ್ತದೆ. ಆ ಬಲ ಮುಟ್ಟಿದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಯಾವ ಕಾರಿನ ಯಾವ ಬೋಲ್ಟು ಎಷ್ಟು ಬಿಗಿಯಾಯಿತು ಎಂಬುದು ಆ ಕಾರಿನ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯೊಡನೆ ಗಣಕದಲ್ಲಿ ಉಳಿಯುತ್ತದೆ. ವರ್ಷಗಳ ನಂತರ ಅವಘಡವಾದರೂ ಆ ದಾಖಲೆ ಸಾಕ್ಷಿ ಹೇಳಬಲ್ಲದು.

ಕೊನೆಗೆ ಬ್ರೇಕಿನ ಎಣ್ಣೆ, ತಂಪುಗೊಳಿಸುವ ದ್ರವ, ಎ.ಸಿ.ಯ ಅನಿಲ ತುಂಬುವ ಸರದಿ. ಮೊದಲು ಕೊಳವೆಗಳಿಂದ ಗಾಳಿಯನ್ನು ಹೀರಿ ತೆಗೆದು, ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ತುಂಬುತ್ತಾರೆ. ಬ್ರೇಕಿನ ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿದರೆ ತುಳಿದಾಗ ಬ್ರೇಕು ಸ್ಪಂಜಿನಂತೆ ಮೆತ್ತಗಾಗುತ್ತದೆ.

ಮಳೆ, ಗುಂಡಿ ಮತ್ತು ಬೆಳಕಿನ ಸುರಂಗ

ಕಾರು ತನ್ನ ಚಕ್ರದ ಮೇಲೆ ನಿಂತ ಮೇಲೂ ಕೆಲಸ ಮುಗಿಯುವುದಿಲ್ಲ. ಇಂದಿನ ಐಷಾರಾಮಿ ಕಾರು ಅರ್ಧ ಯಂತ್ರ, ಅರ್ಧ ಗಣಕ. ಎಂಜಿನ್, ಬ್ರೇಕು, ಗಾಳಿಚೀಲ, ದೀಪ, ಕ್ಯಾಮೆರಾ ಎಲ್ಲಕ್ಕೂ ಬೇರೆ ಬೇರೆ ನಿಯಂತ್ರಣ ಪೆಟ್ಟಿಗೆಗಳಿವೆ. ಅವುಗಳಿಗೆ ತಂತ್ರಾಂಶ ತುಂಬಿ, ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿದೆಯೇ ಎಂದು ನೋಡಬೇಕು. ಆಮೇಲೆ ಚಕ್ರಗಳ ಕೋನ ಸರಿಪಡಿಸುವುದು, ದೀಪದ ದಿಕ್ಕು ಹೊಂದಿಸುವುದು, ಉರುಳೆಗಳ ಮೇಲೆ ನಿಂತಲ್ಲೇ ಓಡಿಸಿ ವೇಗ ಮತ್ತು ಬ್ರೇಕು ಪರೀಕ್ಷಿಸುವುದು.

ನಂತರ ಕೃತಕ ಮಳೆ. ನಾಲ್ಕು ಕಡೆಯಿಂದ ಬಿರುಸಾಗಿ ನೀರು ಎರಚಿ, ಒಳಗೆ ಹನಿ ಇಳಿದಿದೆಯೇ ಎಂದು ಕೈಯಿಂದ ತಡಕಿ ನೋಡುತ್ತಾರೆ. ಅದಾದ ಮೇಲೆ ಉಬ್ಬುತಗ್ಗು, ಕಲ್ಲುಹಾಸುಗಳ ಪರೀಕ್ಷಾ ದಾರಿ. ಇಲ್ಲಿ ಯಂತ್ರಕ್ಕಿಂತ ಕಿವಿ ಮುಖ್ಯ. ಸಾಮಾನ್ಯ ಕಾರಿನಲ್ಲಿ ಕೊಳ್ಳುವವನು ಸಹಿಸಿಕೊಳ್ಳುವ ಕಿರಿಕಿರಿ ಸದ್ದನ್ನು ಎಪ್ಪತ್ತು ಲಕ್ಷದ ಕಾರಿನಲ್ಲಿ ಸಹಿಸಿಕೊಳ್ಳುವುದಿಲ್ಲ. ಕಡೆಯದಾಗಿ ಪ್ರಖರ ಬೆಳಕಿನ ಸುರಂಗ. ಅಲ್ಲಿ ಬಣ್ಣದ ಮೇಲಿನ ಗೀರು, ಬಾಗಿಲು ಮತ್ತು ಮೈ ನಡುವಿನ ಸಂದಿ ಒಂದೇ ಅಳತೆಯದೋ ಎಂಬುದನ್ನು ಕಣ್ಣು ಮತ್ತು ಬೆರಳತುದಿ ತೀರ್ಮಾನಿಸುತ್ತವೆ. ಐಷಾರಾಮ ಎಂದು ಜನ ದುಡ್ಡು ಕೊಡುವುದು ಬಹುಮಟ್ಟಿಗೆ ಈ ಸಂದಿಗಳ ಸಮತೆಗೆ, ಈ ಮೌನಕ್ಕೆ.

ನಿಮಿಷಗಳ ಲೆಕ್ಕ

ಇದೆಲ್ಲ ಯಾವ ವೇಗದಲ್ಲಿ ನಡೆಯುತ್ತದೆ? ಹೊಸಕೋಟೆಯ ಜೋಡಣೆ ಶುರುವಾದದ್ದು 2017ರಲ್ಲಿ. ಹತ್ತು ಸಾವಿರನೆಯ ಕಾರು ಹೊರಬಂದದ್ದು 2024ರಲ್ಲಿ. ಸುಮಾರು ಏಳು ವರ್ಷವೆಂದು ಹಿಡಿದು, ವರ್ಷಕ್ಕೆ 300 ಕೆಲಸದ ದಿನವೆಂದರೂ ದಿನಕ್ಕೆ ಸರಾಸರಿ ಸುಮಾರು ಐದು ಕಾರು. ಕೊರೊನಾ ಕಾಲದಲ್ಲಿ ನಿಂತ ದಿನಗಳೂ ಇದರೊಳಗೆ ಸೇರಿವೆ. ವರ್ಷಕ್ಕೆ ಲಕ್ಷಗಟ್ಟಲೆ ಕಾರು ಮಾಡುವ ಬಿಡದಿಯಂಥ ಕಾರ್ಖಾನೆಯಲ್ಲಿ ನಿಮಿಷಗಳ ಲೆಕ್ಕದಲ್ಲಿ ಒಂದೊಂದು ಕಾರು ಹೊರಬೀಳುತ್ತದೆ.

ಈ ವ್ಯತ್ಯಾಸ ಕೆಲಸಗಾರನ ಬದುಕನ್ನೇ ಬದಲಿಸುತ್ತದೆ. ಪಾಳಿಯಲ್ಲಿ 450 ನಿಮಿಷ ದುಡಿಮೆ, 300 ಕಾರು ಗುರಿ ಎಂದಾದರೆ ಪ್ರತಿ ನಿಲ್ದಾಣಕ್ಕೆ ಸಿಗುವುದು ಒಂದೂವರೆ ನಿಮಿಷ. ಅಷ್ಟರಲ್ಲಿ ನಾಲ್ಕು ಬೋಲ್ಟು, ಎರಡು ಕ್ಲಿಪ್ಪು. ಮತ್ತೆ ಅದೇ, ದಿನವಿಡೀ. ಗುರಿ ಹತ್ತೇ ಕಾರು ಎಂದಾದರೆ ಪ್ರತಿ ನಿಲ್ದಾಣಕ್ಕೆ 45 ನಿಮಿಷ. ಆಗ ಒಬ್ಬನೇ ಹತ್ತಾರು ಬಗೆಯ ಕೆಲಸಗಳನ್ನು ಕಲಿತು, ಕ್ರಮ ತಪ್ಪದೆ ನೆನಪಿಟ್ಟು ಮಾಡಬೇಕು. ಮೊದಲನೆಯದು ಕೈಯ ವೇಗವನ್ನು ಬೇಡುತ್ತದೆ, ಎರಡನೆಯದು ತಲೆಯ ಹಿಡಿತವನ್ನು.

ಬಿಡದಿಯಲ್ಲಿ ಟೊಯೊಟಾ ಕಂಪನಿ 2007ರಲ್ಲಿ ತರಬೇತಿ ಸಂಸ್ಥೆಯೊಂದನ್ನು ತೆರೆದು, ಗ್ರಾಮೀಣ ಬಡ ಕುಟುಂಬಗಳ ಮಕ್ಕಳಿಗೆ ಮೂರು ವರ್ಷಗಳ ವಸತಿ ಶಿಕ್ಷಣ ಕೊಡತೊಡಗಿತು. ಹೊಲದಲ್ಲಿ ಬೆಳೆದ ಹುಡುಗನಿಗೆ ಮಿಲಿಮೀಟರಿನ ಶಿಸ್ತು ಕಲಿಸುವುದು ಇಂಥ ಶಾಲೆಗಳ ಕೆಲಸ. ಆ ಶಿಸ್ತಿಗೆ ಇನ್ನೊಂದು ಮುಖವೂ ಇದೆ. ಅದೇ ಬಿಡದಿಯಲ್ಲಿ 2020ರ ನವೆಂಬರಿನಲ್ಲಿ ಮುಷ್ಕರ ಮತ್ತು ಬೀಗಮುದ್ರೆ ನಡೆದಾಗ ಕೆಲಸದ ಹೊರೆ ಅತಿಯಾಗಿದೆ ಎಂಬುದು ಕಾರ್ಮಿಕ ಸಂಘದ ದೂರಾಗಿತ್ತು, ಅಶಿಸ್ತು ಹೆಚ್ಚಿದೆ ಎಂಬುದು ಆಡಳಿತದ ವಾದವಾಗಿತ್ತು. ನಿಮಿಷಗಳ ಲೆಕ್ಕ ಕಾಗದದ ಮೇಲೆ ಎಷ್ಟು ಸುಲಭವೋ ಮನುಷ್ಯನ ಬೆನ್ನಿನ ಮೇಲೆ ಅಷ್ಟು ಸುಲಭವಲ್ಲ.

ಬೆಂಗಳೂರಿಗೆ ಬಾರದೆ ಹೋದ ಕಾರ್ಖಾನೆ

ಜೋಡಣೆ ಸಾಕೇ, ತಯಾರಿಕೆಯೇ ಆಗಬೇಕೇ ಎಂಬ ವಾದ ಇವತ್ತಿನದಲ್ಲ. ಜನರಲ್ ಮೋಟಾರ್ಸ್ ಕಂಪನಿ ಬೊಂಬಾಯಿಯಲ್ಲಿ ಪೆಟ್ಟಿಗೆಯಲ್ಲಿ ಬಂದ ಕಾರುಗಳನ್ನು ಜೋಡಿಸಲು ಶುರುಮಾಡಿದ್ದು 1928ರಲ್ಲಿ. ಕೆಲವೇ ವರ್ಷಗಳಲ್ಲಿ ಫೋರ್ಡ್ ಕೂಡ ಮದರಾಸು, ಬೊಂಬಾಯಿ, ಕಲ್ಕತ್ತೆಗಳಲ್ಲಿ ಅದನ್ನೇ ಮಾಡಿತು. ಇದರಿಂದ ತೃಪ್ತರಾಗದವರಲ್ಲಿ ಮೊದಲಿಗರು ವಿಶ್ವೇಶ್ವರಯ್ಯನವರು. ದಿವಾನಗಿರಿ ಬಿಟ್ಟು ಹದಿನೇಳು ವರ್ಷಗಳಾಗಿ, ವಯಸ್ಸು ಎಪ್ಪತ್ತು ದಾಟಿದ್ದ ಅವರು 1935ರಲ್ಲಿ ಯೂರೋಪು ಮತ್ತು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ, ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಜೊತೆಯಾದರು. ಅಮೆರಿಕದ ಕ್ರೈಸ್ಲರ್ ಕಂಪನಿಯೊಂದಿಗೆ ಒಪ್ಪಂದವಾಯಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಈ ಕಾರ್ಖಾನೆ ಕಟ್ಟಲು ಮುಂದಾಯಿತು. ಆದರೆ ಯುದ್ಧದ ಆ ದಿನಗಳಲ್ಲಿ ಬ್ರಿಟಿಷ್ ಭಾರತ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ವಾಲ್‌ಚಂದರ ಪ್ರೀಮಿಯರ್ ಕಂಪನಿ 1944ರಲ್ಲಿ ಹುಟ್ಟಿತು, ಬೊಂಬಾಯಿಯಲ್ಲಿ.

ಬೆಂಗಳೂರಿಗೆ ಕಾರಿನ ಬದಲು ವಿಮಾನ ಬಂತು. ಕಾರಿನ ಮಾತುಕತೆಗೆಂದು 1939ರಲ್ಲಿ ಅಮೆರಿಕಕ್ಕೆ ಹೊರಟಿದ್ದ ವಾಲ್‌ಚಂದ್‌ರಿಗೆ ದಾರಿಯಲ್ಲಿ ಸಿಕ್ಕವರು ವಿಮಾನ ವ್ಯಾಪಾರಿ ವಿಲಿಯಂ ಪಾಲೆ. ಆ ಭೇಟಿಯ ಫಲವಾಗಿ, ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾಯಿತು. ಅಲ್ಲಿ ಮೊದಲು ನಡೆದದ್ದೂ ಜೋಡಣೆಯೇ. ಅಮೆರಿಕದ ವಿನ್ಯಾಸದ ಹಾರ್ಲೋ ತರಬೇತಿ ವಿಮಾನ 1941ರಲ್ಲಿ ಬೆಂಗಳೂರಿನ ಆಕಾಶದಲ್ಲಿ ಹಾರಿತು. ಸರಿಯಾಗಿ ಹತ್ತು ವರ್ಷಗಳ ನಂತರ, 1951ರಲ್ಲಿ, ಡಾ. ವಿ.ಎಂ. ಘಾಟಗೆ ಅವರ ಮುಂದಾಳ್ತನದಲ್ಲಿ ಇಲ್ಲೇ ವಿನ್ಯಾಸಗೊಂಡ ಎಚ್‌ಟಿ-2 ವಿಮಾನ ಹಾರಿತು. ಪೆಟ್ಟಿಗೆ ಬಿಚ್ಚಿದ ಕೈಗಳ ಪಕ್ಕದಲ್ಲಿ ನಕ್ಷೆ ಬರೆಯುವ ಮೇಜೂ ಇದ್ದುದರಿಂದ ಇದು ಸಾಧ್ಯವಾಯಿತು.

ಕಾರಿನ ವಿಷಯದಲ್ಲಿ ಸ್ವತಂತ್ರ ಭಾರತ ಕಠಿಣ ದಾರಿ ಹಿಡಿಯಿತು. ತಯಾರಿಕೆಯ ಯೋಜನೆ ಇಲ್ಲದೆ ಬರೀ ಜೋಡಿಸುವವರಿಗೆ ಇಲ್ಲಿ ಜಾಗವಿಲ್ಲ ಎಂಬ ನೀತಿ 1953ರಲ್ಲಿ ಬಂತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಬಾಗಿಲು ಮುಚ್ಚಿದವು. ಇದರಿಂದ ಬಿಡಿಭಾಗಗಳ ಉದ್ಯಮ ಬೆಳೆಯಿತು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ಆ ಕಾಲದ ಕೂಸು. ಆದರೆ ಸ್ಪರ್ಧೆಯಿಲ್ಲದ ಮಾರುಕಟ್ಟೆಯಲ್ಲಿ ಅದೇ ಅಂಬಾಸಡರ್, ಅದೇ ಫಿಯೆಟ್ ದಶಕಗಳ ಕಾಲ ಉಳಿದವು. ಕಾರು ಉದ್ಯಮದ ಲೈಸೆನ್ಸು ಕಟ್ಟಳೆ 1993ರಲ್ಲಿ ತೆರವಾದ ಮೇಲೆ ಪೆಟ್ಟಿಗೆಗಳು ಮತ್ತೆ ಬರತೊಡಗಿದವು.

ಹೊಸಕೋಟೆಗೆ ವೋಲ್ವೋ ಬಂದದ್ದು ಆಗಲೇ. 1998ರಲ್ಲಿ ಲಾರಿ, 2001ರಲ್ಲಿ ಬಸ್ಸು. ರಾಜ್ಯ ಸಾರಿಗೆ ಸಂಸ್ಥೆಯ ಐರಾವತ ಓಡತೊಡಗಿದ ಮೇಲೆ ಕನ್ನಡಿಗರ ಬಾಯಲ್ಲಿ ಹವಾನಿಯಂತ್ರಿತ ಬಸ್ಸುಗಳಿಗೆಲ್ಲ ವೋಲ್ವೋ ಎಂಬುದೇ ಹೆಸರಾಯಿತು. ಲಾರಿ, ಬಸ್ಸು ಮಾಡುವ ಕಂಪನಿಯೂ ಕಾರು ಮಾಡುವ ಕಂಪನಿಯೂ ಬೇರೆ ಬೇರೆ ಎಂಬುದು ಅನೇಕರಿಗೆ ತಿಳಿಯದು. ಕಾರಿನ ವಿಭಾಗವನ್ನು 1999ರಲ್ಲಿ ಫೋರ್ಡ್ ಕೊಂಡಿತು. 2010ರಲ್ಲಿ ಅದು ಚೀನಾದ ಗೀಲಿ ಕಂಪನಿಯ ಕೈಸೇರಿತು. ಹಳೆಯ ನೆಂಟಸ್ತಿಕೆಯ ಮೇಲೆ ಕಾರು ಕಂಪನಿ ಹೊಸಕೋಟೆಯಲ್ಲಿ ಲಾರಿ ಕಂಪನಿಯ ಆವರಣದಲ್ಲೇ ಜೋಡಣೆಗೆ ಜಾಗ ಪಡೆಯಿತು.

ಏಣಿಯ ಯಾವ ಮೆಟ್ಟಿಲು?

ಸುಂಕದಿಂದ ಹುಟ್ಟಿದ ಕಾರ್ಖಾನೆಯ ಆಯುಸ್ಸು ಸುಂಕದ ಕೈಯಲ್ಲೇ ಇರುತ್ತದೆ. ಬ್ರಿಟನ್ನಿನೊಂದಿಗೆ 2025ರ ಜುಲೈನಲ್ಲಿ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ, ಅಲ್ಲಿಂದ ಬರುವ ನಿಗದಿತ ಸಂಖ್ಯೆಯ ಕಾರುಗಳಿಗೆ ಸುಂಕವನ್ನು ಕ್ರಮೇಣ ಶೇ. 10ಕ್ಕೆ ಇಳಿಸುವ ಮಾತಿದೆ. ಸಿದ್ಧ ಕಾರಿನ ಸುಂಕ ಬಿಡಿಭಾಗದ ಸುಂಕಕ್ಕಿಂತ ಕೆಳಗಿಳಿದರೆ ತುಂಡು ಮಾಡಿ ತಂದು ಜೋಡಿಸುವುದರಲ್ಲಿ ಲಾಭವೇನಿದೆ? ಇನ್ನೊಂದು ಕಡೆ ವಿದ್ಯುತ್ ಕಾರು ಬಂದಿದೆ. ಹೊಸಕೋಟೆಯಲ್ಲಿ 2022ರಿಂದ ಎಕ್ಸ್‌ಸಿ 40 ಮಾದರಿಯ ವಿದ್ಯುತ್ ಕಾರು ಜೋಡಣೆಯಾಗತೊಡಗಿತು. ಅದರಲ್ಲಿ ಎಂಜಿನ್ ಇಲ್ಲ, ಸೈಲೆನ್ಸರ್ ಇಲ್ಲ, ಹಲವು ಹಲ್ಲುಗಳ ಗೇರ್‌ಬಾಕ್ಸ್ ಇಲ್ಲ. ಜೋಡಿಸಬೇಕಾದ ಭಾಗಗಳೇ ಕಡಿಮೆ. ಬೆಲೆಯ ದೊಡ್ಡ ಪಾಲು ಬ್ಯಾಟರಿಯಲ್ಲಿದೆ.

ಹಾಗೆಂದು ಜೋಡಣೆಯನ್ನು ಬರೀ ಸ್ಪ್ಯಾನರ್ ಕೆಲಸವೆಂದು ತಳ್ಳಿಹಾಕುವುದು ತಪ್ಪು. ಒಂದೇ ಕೆಲಸವನ್ನು ಸಾವಿರ ಬಾರಿ ಒಂದೇ ಅಳತೆಯಲ್ಲಿ ಮಾಡುವ ಶಿಸ್ತು, ದೋಷವನ್ನು ಮುಚ್ಚಿಡದೆ ದಾಖಲಿಸುವ ಅಭ್ಯಾಸ ಇವು ಕಾರ್ಖಾನೆ ಮುಚ್ಚಿದರೂ ಜನರ ಕೈಯಲ್ಲಿ ಉಳಿಯುವ ಆಸ್ತಿ. ಆದರೆ ಆ ಆಸ್ತಿ ತಾನಾಗಿ ಬೆಳೆಯುವುದಿಲ್ಲ. ಬೊಂಬಾಯಿಯಲ್ಲಿ ಕಾಲು ಶತಮಾನ ಪೆಟ್ಟಿಗೆ ಬಿಚ್ಚಿದ ಜನರಲ್ ಮೋಟಾರ್ಸ್ ಹಿಂದೆ ಒಂದು ಭಾರತೀಯ ಕಾರನ್ನೂ ಬಿಟ್ಟುಹೋಗಲಿಲ್ಲ. ಬೆಂಗಳೂರಿನ ವಿಮಾನ ಕಾರ್ಖಾನೆ ಹತ್ತೇ ವರ್ಷದಲ್ಲಿ ತನ್ನ ವಿಮಾನವನ್ನು ಹಾರಿಸಿತು. ಎರಡೂ ಜೋಡಣೆಯಿಂದಲೇ ಆರಂಭವಾದವು. ಒಂದು ಜೋಡಣೆಯನ್ನೇ ಮನೆ ಮಾಡಿಕೊಂಡಿತು, ಇನ್ನೊಂದು ಮೆಟ್ಟಿಲು ಮಾಡಿಕೊಂಡಿತು.

ಕರ್ನಾಟಕದ ಸ್ಥಿತಿ ಈಗ ವಿಚಿತ್ರವಾಗಿದೆ. ಮರ್ಸಿಡಿಸ್ ಬೆಂಝ್ ತನ್ನ ಸಂಶೋಧನಾ ಕೇಂದ್ರವನ್ನು ಬೆಂಗಳೂರಿನಲ್ಲಿ ತೆರೆದದ್ದು 1996ರಲ್ಲಿ. ಜರ್ಮನಿಯಲ್ಲಿ ತಯಾರಾಗುವ ಕಾರುಗಳ ತಂತ್ರಾಂಶ ಮತ್ತು ವಿನ್ಯಾಸದ ಕೆಲಸದಲ್ಲಿ ಇಲ್ಲಿನ ಎಂಜಿನಿಯರುಗಳ ಪಾಲಿದೆ. ಅಂದರೆ ನಕ್ಷೆಯ ಒಂದು ಮೂಲೆಯನ್ನು ಬರೆಯುವ ತಲೆಗಳು ನಗರದ ಒಳಗಿವೆ, ಕಾರನ್ನು ಜೋಡಿಸುವ ಕೈಗಳು ಹೊಸಕೋಟೆ, ಬಿಡದಿಗಳಲ್ಲಿವೆ. ಎರಡರ ನಡುವೆ ಇರುವುದು ಒಂದು ಗಂಟೆಯ ದಾರಿ. ಆದರೆ ಕಾರು ಮಾತ್ರ ಸಮುದ್ರ ಸುತ್ತಿ ಪೆಟ್ಟಿಗೆಯಲ್ಲಿ ಬರುತ್ತದೆ. ಆ ತಲೆ ಮತ್ತು ಈ ಕೈ ಒಂದೇ ಸೂರಿನಡಿ ಸೇರುವ ದಿನ, 1935ರಲ್ಲಿ ವಿಶ್ವೇಶ್ವರಯ್ಯನವರು ಬರೆದ ಯೋಜನೆಗೆ ಅರ್ಥ ಬಂದೀತು.